ಟೆಲಿಸ್ಕೋಪಿನವರ ಫೋರ್‌ಕಾಸ್ಟು

"ದೈತ್ಯ ರೇಡಿಯೋ ಟೆಲಿಸ್ಕೋಪ್ ವಿಶ್ವದ ಭವಿಷ್ಯ ನುಡಿಯಲಿದೆ" ಅಂತ ಶಿರಸಿ ಕಡೆ ಗ್ರೂಪಲ್ಲಿ ಬಂತು, ಸಂಜೆಗೆ ಕಾರವಾರದ ಗ್ರೂಪಲ್ಲೂ ಅದೇ, ಇದು ಮೂರನೇ ಸಲ. ವಿಜ್ಞಾನಿಗಳು ಫೋರ್‌ಕಾಸ್ಟ್ ಅಂದದ್ದು ಕಂಡ ಕೂಡ್ಲೆ ಭವಿಷ್ಯ ಅಂತ ಬರಿಯೋದು ದಯವಿಟ್ಟು ಬಿಡಿ ಮಾರಾಯ್ರೆ.

ಭವಿಷ್ಯ ಅನ್ನೋದು ಸಂಸ್ಕೃತದ ಭೂ ಧಾತುವಿಂದ ಬಂದದ್ದು, ಮುಂದೆ ಆಗುವಂಥದ್ದು ಅಂತ. ಈ ಟೆಲಿಸ್ಕೋಪು ನೋಡೋದೋ 400 ಕೋಟಿ ವರ್ಷ ಹಿಂದೆ ಹೊರಟ ಅಲೆಗಳನ್ನ, ಪೂರಾ ಭೂತಕಾಲ! ಮುನ್ಸೂಚನೆ ಸ್ವಲ್ಪ ವಾಸಿ, ಮುನ್ ನಮ್ದು, ಸೂಚನೆ ಸಂಸ್ಕೃತದ್ದು, ವ್ಯಾಕರಣದವರು ಅರಿಸಮಾಸ ಅಂದ್ರೂ ಅನ್ಲಿ, ಬಳಕೆಯಲ್ಲಿ ಗಟ್ಟಿಯಾಗಿದೆ, ಆದ್ರೆ ನಮ್ಮ ಕರಾವಳೀಲಿ ಜೂನ್ ಬಂದ್ರೆ ದಿನಾ ರೆಡ್ ಅಲರ್ಟ್ ಕೇಳಿ ಕೇಳಿ ಆ ಪದ ಮಳೆಗೇ ಅಂಟ್ಕೊಂಡಿದೆ. ನಂಗೆ ಸರಿ ಕಾಣೋದು ಅಂದಾಜು. ಪಾರ್ಸಿಯಿಂದ ಬಂದ ಪದ, ಅಳತೆ ಅನ್ನೋ ಅರ್ಥ ಅದ್ರೊಳಗೇ ಇದೆ. ಮುನ್ನಂದಾಜು ಅನ್ನಿ, ಸಾಕು.

ಯಾವುದರ ಅಂದಾಜು ಅನ್ನೋದ್ರಲ್ಲೇ ಎಲ್ಲರೂ ಎಡವೋದು. ಅಡಿಕೆ ಚೇಣಿ, ಅಂದ್ರೆ ಫಸಲಿನ ಗುತ್ತಿಗೆ, ಹಿಡಿಯೋವ್ರು ತೋಟ ಸುತ್ತಿ, ಕೊನೆ ನೋಡಿ, ಇಷ್ಟು ಕ್ವಿಂಟಲ್ ಅಂತಾರಲ್ಲ, ಅದು ಫಸಲಿನ ಅಂದಾಜು. ಟೆಲಿಸ್ಕೋಪಿನವರದ್ದು ತೂಕದ ಕಾಟಾದ ಅಂದಾಜು. ಹೊಸ ಕಾಟಾ ಇನ್ನೂ ಬಂದಿಲ್ಲ, ಬಂದ್ಮೇಲೆ ತೂಕ ಎಷ್ಟು ಗ್ರಾಂ ಆಚೀಚೆ ಆಗ್ಬಹುದು ಅಂತ ಮೊದ್ಲೇ ಲೆಕ್ಕ ಹಾಕೋದು, ಅಡಿಕೆ ಎಷ್ಟು ತೂಗ್ತದೆ ಅಂತಲ್ಲ. ವಿಶ್ವ ಹಿಗ್ಗೋ ವೇಗ ಹೆಚ್ಚಿಸ್ತಿದೆ ಅಂತ ಹೇಳೋ ಡಾರ್ಕ್ ಎನರ್ಜಿ ಎಷ್ಟು ಅಂತ ಫೋರ್‌ಕಾಸ್ಟ್ ಹೇಳೂದಿಲ್ಲ, ಅದನ್ನ ಅಳೆದಾಗ ಎಷ್ಟು ತಪ್ಪು ಉಳೀತದೆ ಅಂತ ಹೇಳ್ತದೆ.

ಸ್ಕ್ವೇರ್ ಕಿಲೋಮೀಟರ್ ಅರೇ, ಅಂದ್ರೆ ಎಸ್‌ಕೆಎ ಅನ್ನೋ ಈ ದೈತ್ಯ ಟೆಲಿಸ್ಕೋಪನ್ನೇ ತಗೊಳ್ಳಿ. ದಕ್ಷಿಣ ಆಫ್ರಿಕಾದ ಕರೂ ಬಯಲಲ್ಲಿ ಒಟ್ಟು 197 ಡಿಶ್ ಆಗೋ ಯೋಜನೆ. ಹೈಡ್ರೋಜನ್ನಿನ 21 ಸೆಂಟಿಮೀಟರ್ ಅಲೆ ಹಿಡಿದು, ಅದು ಎಷ್ಟು ಹಿಗ್ಗಿದೆ ಅನ್ನೋದ್ರ ಮೇಲೆ ಗ್ಯಾಲಕ್ಸಿ ಎಷ್ಟು ದೂರ ಅಂತ ಕಂಡುಹಿಡೀತಾರೆ. 5,000 ಚದರ ಡಿಗ್ರಿ, ಅಂದ್ರೆ ಇಡೀ ಆಕಾಶದ ಎಂಟನೇ ಒಂದು ಪಾಲು, ಅದಕ್ಕೆ 10,000 ಗಂಟೆ ಅಂತ ಒಂದು ಸರ್ವೇ ಪ್ಲಾನ್ ಇದೆ. ಡಿಶ್ ಕಮ್ಮಿ ಮಾಡಿದ್ರೆ? ಅಷ್ಟೇ ಗಂಟೆಗಳನ್ನ ಇನ್ನೂ ಅಗಲ ಆಕಾಶಕ್ಕೆ ಹರಡಿದ್ರೆ? ಅಲೆ ಜೊತೆ ಬೆರೆಯೋ ಗದ್ದಲ (ನಾಯ್ಸ್) ಅರ್ಧಕ್ಕೆ ಇಳೀಬೇಕಂದ್ರೆ ಒಂದೇ ಜಾಗನ ನಾಲ್ಕು ಪಟ್ಟು ಹೊತ್ತು ನೋಡ್ಬೇಕು, ಆಗ ಬೇರೆ ಕಡೆ ನೋಡಕ್ಕೆ ಹೊತ್ತಿಲ್ಲ. ದುಡ್ಡು ಸುರಿಯೋ ಮೊದ್ಲು ಈ ಎಳೆದಾಟ ಬಗೆಹರಿಸ್ಕೊಳ್ಳೋಕೇ ಫೋರ್‌ಕಾಸ್ಟು.

ಲೆಕ್ಕಕ್ಕೆ ಹೆಚ್ಚಾಗಿ ಬಳಸೋದು ಫಿಶರ್ ಮ್ಯಾಟ್ರಿಕ್ಸ್, ಅಳತೆಯಿಂದ ಎಷ್ಟು ಮಾಹಿತಿ ಸಿಗ್ತದೆ ಅಂತ ಹೇಳೋ ಅಂಕಿಗಳ ಕೋಷ್ಟಕ, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೆಸರಿಂದ್ದು. ಅದ್ರ ಬೆನ್ನೆಲುಬು ಕ್ರಾಮೇರ್-ರಾವ್ ಮಿತಿ. ಆ ರಾವ್ ಅಂದ್ರೆ ಸಿ. ಆರ್. ರಾವ್, 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ಈ ಮಿತಿ ಪ್ರಕಟಿಸಿದ್ದು 1945ರಲ್ಲಿ, ಇದನ್ನ ಯಾರೂ ಬರಿಯೂದಿಲ್ಲ ಅನ್ನೋದೇ ನಂಗೆ ಬೇಜಾರು. ಒಂದು ಕಡೆ ವಾಲದ ಯಾವ ಲೆಕ್ಕವೂ ಇದಕ್ಕಿಂತ ಕಮ್ಮಿ ತಪ್ಪಲ್ಲಿ ಮುಗಿಯೂದಿಲ್ಲ ಅಂತ ಆ ಮಿತಿ ಹೇಳ್ತದೆ. ಹಂಗಾಗಿ ಫೋರ್‌ಕಾಸ್ಟಿನ ಅಂಕಿ ಎಲ್ಲ ಸುಸೂತ್ರ ನಡೆದ್ರೆ ಸಿಗೋ ಫಲಿತಾಂಶ, ಗ್ಯಾರಂಟಿ ಅಲ್ಲ. ಮೊಬೈಲ್ ಸಿಗ್ನಲ್ ಅಡ್ಡ ಬಂದ್ರೆ, ಇಷ್ಟು ಗ್ಯಾಲಕ್ಸಿ ಕಾಣ್ತವೆ ಅಂತ ಇಟ್ಕೊಂಡದ್ದೇ ಜಾಸ್ತಿಯಾಗಿದ್ರೆ, ತಪ್ಪಿನ ಅಗಲ ಹೆಚ್ತದೆ, ಮತ್ತೆ ಮೊದ್ಲಿಂದ ಲೆಕ್ಕ ಹಾಕ್ಬೇಕು.