ಸೋರಿಯಾಸಿಸ್ ಗಂಟುಗಳಿಗೆ ಇಳಿದಾಗ: ಗಂಡಸರಿಗೆ ಒಂದು ಥರ, ಹೆಂಗಸರಿಗೆ ಇನ್ನೊಂದು

ಮಂಗಳೂರು, ಉಡುಪಿ ಕಡೆ ಗಂಟುನೋವಿಗೆ ಕಾರಣ ಹುಡುಕಲು ಯಾರೂ ಕಷ್ಟಪಡುವುದಿಲ್ಲ. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯಾ ಹಬ್ಬಿದ ಮೇಲಂತೂ ಯಾರ ಮಂಡಿ ಹಿಡಿದರೂ ‘ಆ ಜ್ವರದ್ದೇ’ ಅಂದುಬಿಡುವುದು ಸುಲಭವಾಯಿತು. ಬೀಡಿ ಕಟ್ಟುವ ಹೆಂಗಸರ ಬೆರಳು ಊದಿದರೆ ತಪ್ಪು ಕೆಲಸದ್ದು. ಆದರೆ ಗಿಣ್ಣು ಮಾತ್ರವಲ್ಲ, ಬುಡದಿಂದ ತುದಿವರೆಗೆ ಇಡೀ ಬೆರಳೇ ದಪ್ಪಗಾಗಿದ್ದರೆ? ಉಗುರಿನ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿಗಳಿದ್ದರೆ? ಬೆಳಿಗ್ಗೆ ಎಲೆ ಕತ್ತರಿಸಲು ಕತ್ತರಿ ಹಿಡಿಯಲಾಗದೆ, ಕೈ ಆಡಿಸಿದ ಹಾಗೆ ಬಿಗಿತ ಸಡಿಲವಾದರೆ? ಆಗ ಮೊಣಕೈ, ಕೂದಲ ಬುಡದಲ್ಲಿ ಹೊಟ್ಟೇಳುವ ಕಲೆ ಇದೆಯಾ ಎಂದು ನೋಡಬೇಕು. ಅದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಯ ಜೊತೆ ಬರುವ ಸಂಧಿವಾತ ಇರಬಹುದು.

ಚರ್ಮಕ್ಕೂ ಗಂಟಿಗೂ ನಂಟಿದೆ ಎಂದು ಫ್ರಾನ್ಸಿನ ವೈದ್ಯ ಅಲಿಬರ್ 1818ರಲ್ಲೇ ಬರೆದಿದ್ದ. ಆದರೂ ಇದನ್ನು ರುಮಟಾಯ್ಡ್ ಸಂಧಿವಾತದ ಲೆಕ್ಕಕ್ಕೇ ಸೇರಿಸುವುದು ಬಹಳ ಕಾಲ ನಡೆಯಿತು. ಆ ಸಂಧಿವಾತದ ಪತ್ತೆಗೆ ಬಳಸುವ ರುಮಟಾಯ್ಡ್ ಫ್ಯಾಕ್ಟರ್ ರಕ್ತಪರೀಕ್ಷೆ ಬಂದ ಮೇಲೆ, ಸೋರಿಯಾಸಿಸ್ ಜೊತೆ ಗಂಟುನೋವಿರುವ ಹೆಚ್ಚಿನವರಲ್ಲಿ ಅದು ನೆಗೆಟಿವ್ ಎಂದು ಗೊತ್ತಾಯಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವೆರ್ನಾ ರೈಟ್ 1950ರ ದಶಕದಲ್ಲಿ ಇದು ಬೇರೆಯೇ ಕಾಯಿಲೆ ಎಂದು ವಾದಿಸಿದರು. 1964ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಒಪ್ಪಿತು.

1973ರಲ್ಲಿ ರೈಟ್ ಮತ್ತು ಮೋಲ್ ರೋಗಿಗಳ ಮನೆಯವರನ್ನೂ ಪರೀಕ್ಷಿಸಿ, ಕಾಯಿಲೆ ಕುಟುಂಬದಲ್ಲಿ ಓಡುತ್ತದೆ ಎಂದು ತೋರಿಸಿದರು. ಎಚ್‌ಎಲ್‌ಎ-ಬಿ27 ಜೀನ್‌ಗೂ ಬೆನ್ನುಮೂಳೆ ಬಿಗಿಯುವ ಕಾಯಿಲೆಗೂ ನಂಟು ಗೊತ್ತಾದದ್ದೂ ಅದೇ ವರ್ಷ. ಸೋರಿಯಾಟಿಕ್‌ನಲ್ಲೂ ಬೆನ್ನು ಹಿಡಿಯುವವರಲ್ಲಿ ಬಿ27 ಜಾಸ್ತಿ. ಎಚ್‌ಎಲ್‌ಎ-ಸಿ06 ಎಂಬ ಇನ್ನೊಂದು ಜೀನ್ ಇದ್ದವರಿಗೆ ಚರ್ಮದ ತೊಂದರೆ ಚಿಕ್ಕ ವಯಸ್ಸಿಗೇ ಬರುತ್ತದೆ, ಗಂಟುನೋವು ತಡವಾಗಿ. ಹಾಗಂತ ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ.

1999ರಲ್ಲಿ ಕೆನಡಾದ ಸಂಶೋಧಕರು ಇನ್ನೊಂದು ವಿಚಿತ್ರ ಕಂಡರು: ಇದು ತಾಯಿಗಿಂತ ತಂದೆಯ ಕಡೆಯಿಂದ ಜಾಸ್ತಿ ಬಂದಂತಿತ್ತು. 2003ರಲ್ಲಿ ಐಸ್‌ಲ್ಯಾಂಡಿನವರು 16ನೇ ಕ್ರೋಮೋಸೋಮಿನಲ್ಲಿ ಅಂಥದ್ದೇ ಸುಳಿವು ಕಂಡರು. ಇದಿನ್ನೂ ಗಟ್ಟಿಯಾಗಿಲ್ಲ. ಆದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ನಮ್ಮೂರಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ ಇದೆಯಾ’ ಎಂದು ಡಾಕ್ಟರ್ ಕೇಳಿದರೆ ಮೊದಲು ನೆನಪಾಗುವುದು ಅಮ್ಮ, ಅಜ್ಜಿ, ಮಾವ. ಬಳಿ, ಅಂದರೆ ಕುಲದ ಹೆಸರು, ತಾಯಿಯದ್ದಾದರೂ ಜೀನ್ ಇಬ್ಬರದ್ದೂ ಅಲ್ವಾ? ಅಪ್ಪನ ಕಡೆಯ ದೊಡ್ಡಪ್ಪ, ಅತ್ತೆಯರ ಚರ್ಮದ ವಿಷಯವನ್ನೂ ಹೇಳಬೇಕು.

ಈ ಕಾಯಿಲೆ ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಡಿಮೆ ಸಮಸಮ ಬರುತ್ತದೆ, ಬರುವ ರೀತಿ ಮಾತ್ರ ಬೇರೆ. ಗಂಡಸರಲ್ಲಿ ಬೆನ್ನು ಹಿಡಿಯುವುದು, ಎಕ್ಸ್‌ರೇಯಲ್ಲಿ ಮೂಳೆ ಹಾಳಾದದ್ದು ಕಾಣುವುದು ಜಾಸ್ತಿ. ಹೆಂಗಸರಲ್ಲಿ ಕೈಕಾಲಿನ ಹಲವು ಗಂಟುಗಳ ನೋವು, ಸುಸ್ತು, ದಿನದ ಕೆಲಸಕ್ಕೆ ಆಗುವ ತೊಡಕು ಜಾಸ್ತಿ. ಎಕ್ಸ್‌ರೇ ಚೆನ್ನಾಗಿದೆ ಎಂದು ಹೆಂಗಸರ ನೋವನ್ನು ಸುಮ್ನೆ ತಳ್ಳಿಹಾಕುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ. 2002ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಎಟನರ್‌ಸೆಪ್ಟ್‌ನಂಥ ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳೂ ಸರಾಸರಿಯಲ್ಲಿ ಹೆಂಗಸರಿಗೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಬೇಗ ಬಿಡಬೇಕಾಗುತ್ತದೆ. ಹಾರ್ಮೋನು, ನೋವಿನ ನರಗಳು, ದೇಹದ ಕೊಬ್ಬು, ತಡವಾದ ರೋಗಪತ್ತೆ ಎಲ್ಲದರ ಮೇಲೂ ಸಂಶೋಧಕರಿಗೆ ಅನುಮಾನವಿದೆ.