ಪಾದ್ರಿಯ ದಣಿವಿಗೆ ಎರಡು ಅಳತೆಗೋಲು

ಪಾದ್ರಿಗೆ ಮನಸ್ಸು ಕುಗ್ಗಿದರೆ ಪ್ರಾರ್ಥನೆ ಸಾಲದು ಎಂದೇ ಲೆಕ್ಕ ಹಾಕುವವರು ಇನ್ನೂ ಇದ್ದಾರೆ. ಈ ತೀರ್ಪಿಗೆ ಹೆದರಿ ಎಷ್ಟೋ ಗುರುಗಳು ಬಾಯಿ ಬಿಡುವುದಿಲ್ಲ. 4ನೇ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ನಡುಹಗಲಿನ 'ಅಕೀಡಿಯ'ವನ್ನು ಬಣ್ಣಿಸಿದ್ದ: ಹೊತ್ತು ಸರಿಯದು, ಕಣ್ಣು ಪದೇ ಪದೇ ಕಿಟಕಿಯತ್ತ, ಇದ್ದ ಜಾಗವೇ ಬೇಡ. ಹಗಲಿರುಳು ಪ್ರಾರ್ಥಿಸುತ್ತಿದ್ದವರನ್ನೇ ಅದು ಕಾಡಿತ್ತು.

ಇಂದು ಅಳೆಯುವ ಸಾಧನಗಳಿವೆ. ಕೆಲಸದಿಂದಾಗುವ ದಣಿವನ್ನು ಅಳೆಯಲು 1981ರಲ್ಲಿ ಬಂದ ಮಾಸ್ಲಾಕ್ ಪ್ರಶ್ನಾವಳಿಯ 22 ಪ್ರಶ್ನೆಗಳು ಭಾವನಾತ್ಮಕ ಬಳಲಿಕೆ, ಜನರ ಬಗ್ಗೆ ಬೆಳೆಯುವ ನಿರ್ಲಿಪ್ತಿ, ಸಾಧನೆಯ ಭಾವ ಇವನ್ನು ಬೇರೆ ಬೇರೆಯಾಗಿ ನೋಡುತ್ತವೆ. ಧರ್ಮಗುರುಗಳಿಗೆಂದೇ ಸಂಶೋಧಕ ಲೆಸ್ಲಿ ಫ್ರಾನ್ಸಿಸ್ ರೂಪಿಸಿದ ಪ್ರಶ್ನಾವಳಿಯಲ್ಲಿ ಎರಡು ಮಾಪಕ: ಸೇವೆಯ ಬಳಲಿಕೆಗೆ 11 ಹೇಳಿಕೆ, ಸೇವೆಯ ತೃಪ್ತಿಗೆ 11.

ಇಡೀ ವಿಷಯದ ತಿರುಳು ಇಲ್ಲಿದೆ. ಬಳಲಿಕೆ ಹೆಚ್ಚಿದಷ್ಟೂ ತೃಪ್ತಿ ಇಳಿಯಲೇಬೇಕೆಂದಿಲ್ಲ. ಎರಡೂ ಒಟ್ಟಿಗೆ ಏರಬಹುದು, ಒಟ್ಟಿಗೆ ಇಳಿಯಬಹುದು. ಪಾಸ್‌ಬುಕ್ಕಿನಲ್ಲಿ ಖರ್ಚನ್ನಷ್ಟೇ ನೋಡಿ ಮನೆ ದಿವಾಳಿ ಎನ್ನಲಾಗದು, ಜಮಾ ಎಷ್ಟೆಂದು ತಿಳಿಯಬೇಕು. ಸಾವಿನ ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ಆಡಳಿತ ಮಂಡಳಿಯ ಜಗಳಕ್ಕೆ ಓಡಿ ಸೋತವರನ್ನೂ ಕೆಲಸದ ತೃಪ್ತಿ ಹಿಡಿದು ನಿಲ್ಲಿಸುತ್ತದೆ. ಅದೂ ಬತ್ತಿದಾಗ ಸೇವೆಯಲ್ಲೇ ಗೊತ್ತಾಗುತ್ತದೆ: ಹಳೆಯ ಪ್ರವಚನವೇ ಮತ್ತೆ ಬರುತ್ತದೆ, ರೋಗಿಯ ಭೇಟಿ ನಾಳೆಗೆ ಹೋಗುತ್ತದೆ, ಅಂತ್ಯಕ್ರಿಯೆಯಲ್ಲಿ ತೀರಿಕೊಂಡವರ ಹೆಸರು ತಪ್ಪುತ್ತದೆ, ಕಷ್ಟ ಹೇಳಲು ಬಂದವರು 'ಮತ್ತೊಂದು ಕೇಸು' ಆಗುತ್ತಾರೆ.

ಖಿನ್ನತೆ ಬೇರೆಯದೇ ಸಂಗತಿ, ಅದನ್ನು ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಿಂದ ನೋಡಬೇಕು. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಅಂಕವೇ ರೋಗನಿರ್ಣಯವಲ್ಲ. ಕ್ರಿಸ್ಮಸ್ ಅಥವಾ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಬೆನ್ನಿಗೇ ಕೇಳಿದರೆ ಹಬ್ಬದ ನಿದ್ದೆಗೇಡೂ ಸುಸ್ತೂ ಅಂಕವನ್ನು ಏರಿಸುತ್ತವೆ. ಕೊನೆಯ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಯದು. ಅಲ್ಲಿ 0 ಬಿಟ್ಟು ಏನೇ ಬಂದರೂ ಅಂದೇ ಮಾತಾಡಿಸಬೇಕು. ಹೆಸರಿಲ್ಲದ ಸಮೀಕ್ಷೆಯಲ್ಲಿ ಅದು ಆಗದ್ದರಿಂದ, ಆ ಪ್ರಶ್ನೆಯಿಲ್ಲದ ಪಿಎಚ್‌ಕ್ಯೂ-8 ಬಳಸುವುದು ಮೇಲು.

ತುಂಬಿದ ಹಾಳೆ ಬಿಷಪ್ ಮೇಜಿಗೆ ಹೋಗಲೇಬಾರದು. ವರ್ಗಾವಣೆ ಯಾರ ಕೈಯಲ್ಲಿದೆಯೋ ಅವರು ಓದುತ್ತಾರೆಂದರೆ ಎಲ್ಲರೂ 'ಚೆನ್ನಾಗಿದ್ದೇನೆ' ಎಂದೇ ಬರೆಯುತ್ತಾರೆ. ಹೊರಗಿನ ಮನಶ್ಶಾಸ್ತ್ರಜ್ಞರು ಓದಲಿ, ಆಡಳಿತಕ್ಕೆ ಗುಂಪಿನ ಸರಾಸರಿ ಸಾಕು.

ಬಳಲಿಕೆ ಹೆಚ್ಚು, ತೃಪ್ತಿಯೂ ಹೆಚ್ಚು ಇದ್ದವರಿಗೆ ಲೆಕ್ಕಪತ್ರ, ಕಟ್ಟಡ ರಿಪೇರಿಯ ಹೊರೆ ಇಳಿಸಿ, ವಾರದಲ್ಲೊಂದು ದಿನ ಫೋನನ್ನು ಬೇರೆಯವರ ಕೈಗೆ ಕೊಡಿಸಿ. ತೃಪ್ತಿಯೇ ಬತ್ತಿದವರಿಗೆ ಬರೀ ರಜೆ ಕೊಟ್ಟರೆ ಅದೇ ಬೇಸರಕ್ಕೆ ಮರಳುತ್ತಾರೆ. ಅವರಿಗೆ ತಿಂಗಳಿಗೊಮ್ಮೆ ಮನಬಿಚ್ಚಿ ಮಾತಾಡಲು ತಮ್ಮ ಚರ್ಚ್ ಸಭೆಯ ಹೊರಗಿನ ಹಿರಿಯ ಗುರುವೊಬ್ಬರು ಬೇಕು.