ಪದ ಪರಿಚಯ: ಅವಿಭಾಜ್ಯ ಅಪವರ್ತನ

581301. ಕಾರವಾರದವರಿಗೆ ಬಾಯಿಪಾಠ ಇರುವ ಪಿನ್‌ಕೋಡ್. ಟಪಾಲು ಸರಿಯಾದ ಊರಿಗೆ ಬಂದರೆ ಅದರ ಕೆಲಸ ಮುಗಿಯಿತು. ಆದರೆ ಅದನ್ನೇ ಐದು ಲಕ್ಷದ ಎಂಬತ್ತೊಂದು ಸಾವಿರದ ಮುನ್ನೂರ ಒಂದು ಅಂತ ಓದಿ ನೋಡಿ. ಈಗ ಅದೊಂದು ಸಂಖ್ಯೆ. ಅದರೊಳಗೆ ಏನೇನಿದೆ ಅಂತ ತೋರಿಸುವುದೇ ಅವಿಭಾಜ್ಯ ಅಪವರ್ತನ.

2, 3, 5, 7, 11 ಇವೆಲ್ಲ ಅವಿಭಾಜ್ಯಗಳು. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. 1ಕ್ಕಿಂತ ದೊಡ್ಡ ಯಾವ ಪೂರ್ಣ ಸಂಖ್ಯೆಯೇ ಇರಲಿ, ಒಂದೋ ಅದೇ ಅವಿಭಾಜ್ಯ, ಇಲ್ಲಾ ಅವಿಭಾಜ್ಯಗಳನ್ನು ಗುಣಿಸಿ ಬಂದದ್ದು. ಅದೂ ಒಂದೇ ಒಂದು ರೀತಿಯಲ್ಲಿ. ಗುಣಿಸುವ ಕ್ರಮ ಹಿಂದುಮುಂದಾಗಬಹುದು, ಅಷ್ಟೆ.

ಕಾರವಾರದ್ದನ್ನು ಒಡೆಯೋಣ. ಅಂಕಿಗಳನ್ನು ಕೂಡಿದರೆ 18. 18ನ್ನು 9ರಿಂದ ಭಾಗಿಸಬಹುದು, ಹಾಗಾಗಿ ಇಡೀ ಸಂಖ್ಯೆಯನ್ನೂ ಭಾಗಿಸಬಹುದು. ಸಿಗುವುದು 64589. ಅದನ್ನು 7ರಿಂದ ಭಾಗಿಸಿದರೆ 9227. ಇಲ್ಲಿಗೆ ನಿಂತಿತು, 9227 ಅವಿಭಾಜ್ಯ. ಅಂದರೆ 581301 = 3 × 3 × 7 × 9227.

ಕುಮಟಾದ 581343 ಇನ್ನೂ ಮಜವಾಗಿದೆ. ಅದು 3 × 7 × 19 × 31 × 47. ಪೂರ್ತಿ ಪುಡಿಪುಡಿ! ಐದೂ ಬೇರೆ ಬೇರೆ, ಐದೂ 50ರೊಳಗೆ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 32. ಕಾರವಾರದ್ದಕ್ಕೆ 12 ಮಾತ್ರ. ಭಟ್ಕಳದ 581320 ಸೊನ್ನೆಯಲ್ಲೇ ಮುಗಿಯುತ್ತದೆ, ಅದನ್ನು ಒಡೆಯಲು ಏನು ಮಹಾ!

ಘಟ್ಟ ಹತ್ತಿ ಶಿರಸಿಗೆ ಬಂದರೆ ಕಥೆಯೇ ಬೇರೆ. 581401. ಕಾರವಾರಕ್ಕಿಂತ ಬರೀ 100 ಜಾಸ್ತಿ. 2, 3, 5, 17, 19 ಯಾವುದರಿಂದ ಭಾಗಿಸಿದರೂ ಸರಿಯಾಗಿ 1 ಉಳಿಯುತ್ತದೆ. ಯಾಕೆಂದರೆ ಹಿಂದಿನ ಸಂಖ್ಯೆ 581400ನ್ನು ಈ ಐದರಿಂದಲೂ ಶೇಷವಿಲ್ಲದೆ ಭಾಗಿಸಬಹುದು. 7 ಮತ್ತು 13ರಲ್ಲಿ 2 ಉಳಿಯುತ್ತದೆ. ನೂರು ದಾಟಿ, ಇನ್ನೂರು, ಮುನ್ನೂರು ದಾಟಿದರೂ ಶೇಷ ಉಳಿಯುತ್ತಲೇ ಇರುತ್ತದೆ. ಇದು ಅವಿಭಾಜ್ಯವೇ ಇರಬೇಕು ಅಂತ ಕೈಬಿಡುವ ಹಾಗಾಗುತ್ತದೆ, ಅಲ್ವಾ? ಆದರೆ ವರ್ಗಮೂಲದವರೆಗೆ, ಅಂದರೆ 762ರವರೆಗೆ ನೋಡದೆ ಹಾಗೆ ಹೇಳುವಂತಿಲ್ಲ. ಎರಡು ಸಂಖ್ಯೆ ಗುಣಿಸಿ ಇದು ಬಂದಿದ್ದರೆ ಒಂದಾದರೂ 762ರೊಳಗೆ ಇರಲೇಬೇಕು. ಕೊನೆಗೆ 421ರಲ್ಲಿ ಸಿಕ್ಕಿಬೀಳುತ್ತದೆ: 421 × 1381. ಎರಡೂ ಅವಿಭಾಜ್ಯ. ಹೀಗೆ ಎರಡೇ ಅವಿಭಾಜ್ಯಗಳಿಂದಾದದ್ದನ್ನು ಸೆಮಿಪ್ರೈಮ್ ಅನ್ನುತ್ತಾರೆ.

421ನ್ನು 1381ರಿಂದ ಗುಣಿಸಿ ಅಂದರೆ ಹೈಸ್ಕೂಲ್ ಹುಡುಗರು ಒಂದು ನಿಮಿಷದಲ್ಲಿ ಮಾಡಿಯಾರು. 581401 ಕೊಟ್ಟು ಒಡೆಯಿರಿ ಅಂದರೆ ಸಂಜೆಯವರೆಗೆ ಕೂರಬೇಕು. 421 ಅಂದರೆ 82ನೇ ಅವಿಭಾಜ್ಯ, ಅಷ್ಟು ಸಲ ಭಾಗಾಕಾರ! 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ವ್ಯತ್ಯಾಸವನ್ನೇ ಬೀಗ ಮಾಡಿದರು. ಅದೇ ಆರ್‌ಎಸ್‌ಎ ಗೂಢಲಿಪಿ. ಇಂಟರ್ನೆಟ್ಟಿನ ಗುಟ್ಟು ಕಾಯುವುದರಲ್ಲಿ ಇವತ್ತಿಗೂ ಅದಕ್ಕೆ ಪಾಲಿದೆ. ಅಲ್ಲಿ ಬಳಸುವ ಸೆಮಿಪ್ರೈಮ್‌ಗೆ ಸಾಮಾನ್ಯವಾಗಿ 617 ಅಂಕಿ. 2020ರಲ್ಲಿ 250 ಅಂಕಿಯದ್ದೊಂದನ್ನು ಒಡೆದರು. ಆ ಲೆಕ್ಕವನ್ನು ಕಂಪ್ಯೂಟರಿನ ಒಂದೇ ಕೋರ್‌ಗೆ, ಅಂದರೆ ಲೆಕ್ಕ ಮಾಡುವ ಒಂದೇ ಘಟಕಕ್ಕೆ, ಒಪ್ಪಿಸಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು.